ಜ್ವಾಲಾಮುಖಿಯ ಕಲ್ಲಿನ ಐಸೊಟೋಪ್ ಅಳೆದು ಮ್ಯಾಂಟಲ್ ಕರಗುವ ಬಗೆಯನ್ನು ಹೇಳುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಮನುಷ್ಯ ಕೊರೆದಿರುವ ಅತಿ ಆಳದ ರಂಧ್ರ 12 ಕಿಲೋಮೀಟರ್ ಚಿಲ್ಲರೆ. ಹಾಗಿರುವಾಗ 80 ಕಿಲೋಮೀಟರ್ ಆಳದಲ್ಲಿ ಬಂಡೆ ಹೇಗೆ ಕರಗುತ್ತದೆ, ಕರಗಿದ್ದು ಎಷ್ಟು ಬೇಗ ಮೇಲೆ ಬರುತ್ತದೆ ಎಂದು ಲಾವಾ ಕಲ್ಲಿನ ಐಸೊಟೋಪ್ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು) ಅಳೆದು ಹೇಳುತ್ತಾರಲ್ಲ, ಅದು ಬರೀ ಊಹೆಯಲ್ಲವೇ? ನಮ್ಮ ಹೊಲದ ಬಾವಿಯಲ್ಲಿ ಸಿಗುವ ಕರಿಕಲ್ಲನ್ನೂ ಹೀಗೆ ಅಳೆಯಬಹುದೇ?

ಅನುಮಾನ ಪಡುವುದು ಸರಿಯೇ. ನಾನು ಹಲವು ವರ್ಷ ಇಂಥ ಕಲ್ಲುಗಳನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಅದರೊಳಗಿನ ಸ್ಟ್ರಾನ್ಷಿಯಂ, ನಿಯೋಡಿಮಿಯಂ ಧಾತುಗಳನ್ನು ಬೇರ್ಪಡಿಸಿ, ಪರಮಾಣುಗಳನ್ನು ತೂಕದ ಪ್ರಕಾರ ವಿಂಗಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುವ ಕೆಲಸ ಮಾಡಿದ್ದೇನೆ. ಕೆಲವು ಸಂಗತಿಗಳನ್ನು ಕಲ್ಲು ಖಚಿತವಾಗಿ ಹೇಳುತ್ತದೆ, ಕೆಲವನ್ನು ಅರ್ಧ ಹೇಳಿ ಸುಮ್ಮನಾಗುತ್ತದೆ. ಯಾವುದು ಯಾವುದೆಂದು ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ತಪ್ಪು ಚಿತ್ರವನ್ನು ಮನಸ್ಸಿನಿಂದ ತೆಗೆಯಬೇಕು. ಮ್ಯಾಂಟಲ್ ಎಂದರೆ ಕುದಿಯುವ ಲಾವಾದ ಕಡಲಲ್ಲ. ಭೂಮಿಯ ಹೊರಪದರದ ಕೆಳಗಿನಿಂದ 2,900 ಕಿಲೋಮೀಟರ್ ಆಳದವರೆಗೆ ಅದು ಹೆಚ್ಚುಕಡಿಮೆ ಗಟ್ಟಿ ಬಂಡೆಯೇ. ಆ ಗಟ್ಟಿ ಬಂಡೆ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ನಿಧಾನವಾಗಿ ಹರಿಯುತ್ತದೆ. ಎಲ್ಲಿ ಅದು ಮೇಲಕ್ಕೆ ಬರುತ್ತದೆಯೋ ಅಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಾಗ ಹೊಸ ಶಾಖವಿಲ್ಲದೆಯೇ ಸ್ವಲ್ಪ ಕರಗುತ್ತದೆ. ಸಾಗರದ ನಡುವಿನ ಏಣುಗಳ (ಸಾಗರತಳದ ಉದ್ದನೆಯ ಬೆಟ್ಟಸಾಲುಗಳ) ಅಡಿಯಲ್ಲಿ ಕರಗುವುದು ಸರಿಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ.

ಈ 'ಸ್ವಲ್ಪವೇ ಕರಗುವುದು' ಎಂಬುದರಲ್ಲಿಯೇ ನಮ್ಮ ತೊಡಕೂ ಇದೆ, ದಾರಿಯೂ ಇದೆ. ಫಿಲ್ಟರಿಗೆ ಕಾಫಿ ಪುಡಿ ಹಾಕಿ ಬಿಸಿನೀರು ಸುರಿದಾಗ ಮೊದಲು ಇಳಿಯುವ ಡಿಕಾಕ್ಷನ್ ಎಷ್ಟು ಗಟ್ಟಿಯಾಗಿರುತ್ತದೆ ನೋಡಿ; ಎರಡನೆಯ ಸಲದ್ದು ತೆಳು. ರುಬಿಡಿಯಂ, ಥೋರಿಯಂ, ಯುರೇನಿಯಂ ಮುಂತಾದವು ಬಂಡೆಯ ಹರಳುಗಳಲ್ಲಿ ಇರಲಾರದೆ ಮೊದಲ ಹನಿಯೊಂದಿಗೇ ಹೊರಬೀಳುತ್ತವೆ. ಹೀಗಾಗಿ ಲಾವಾದಲ್ಲಿ ಯಾವ ಮೂಲಧಾತು ಎಷ್ಟಿದೆ ಎಂಬುದಷ್ಟನ್ನೇ ಅಳೆದರೆ, ಪುಡಿಯೇ ಒಳ್ಳೆಯದಿತ್ತೋ ನೀರು ಕಡಿಮೆ ಹಾಕಿದ್ದರೋ, ಅಂದರೆ ಮೂಲ ಬಂಡೆಯೇ ಬೇರೆಯೋ ಕರಗಿದ ಪಾಲು ಕಡಿಮೆಯೋ ಎಂಬುದು ತಿಳಿಯುವುದಿಲ್ಲ.

ಇಲ್ಲಿ ಐಸೊಟೋಪ್ ಕೈಹಿಡಿಯುತ್ತದೆ. ಸ್ಟ್ರಾನ್ಷಿಯಂ-87 ಮತ್ತು ಸ್ಟ್ರಾನ್ಷಿಯಂ-86 ಒಂದೇ ಧಾತು, ತೂಕದಲ್ಲಿ ಶೇಕಡಾ ಒಂದರಷ್ಟು ವ್ಯತ್ಯಾಸ. 1,300 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗುವ ಬಂಡೆ ಇವೆರಡರ ನಡುವೆ ಭೇದವೆಣಿಸುವುದಿಲ್ಲ. ಅತಿ ಸೂಕ್ಷ್ಮವಾಗಿ ಎಣಿಸಿದರೂ, ಅಳೆಯುವಾಗ ನಾವು ಸ್ಟ್ರಾನ್ಷಿಯಂ-86 ಮತ್ತು ಸ್ಟ್ರಾನ್ಷಿಯಂ-88ರ ನಡುವಿನ ಗೊತ್ತಿರುವ ಪ್ರಮಾಣಕ್ಕೆ ಹೋಲಿಸಿ ಅದನ್ನು ಸರಿಪಡಿಸುತ್ತೇವೆ. ಆದ್ದರಿಂದ ಲಾವಾದಲ್ಲಿ ಸಿಕ್ಕ 87/86 ಅನುಪಾತ ಅದನ್ನು ಹೆತ್ತ ಬಂಡೆಯದೇ ಅನುಪಾತ. ಎಷ್ಟು ಪಾಲು ಕರಗಿತು ಎಂಬುದು ಅದನ್ನು ಮುಟ್ಟುವುದಿಲ್ಲ.

ಆ ಅನುಪಾತ ಬಂಡೆಯಿಂದ ಬಂಡೆಗೆ ಬೇರೆಯಾಗುವುದು ವಯಸ್ಸಿನಿಂದ. ರುಬಿಡಿಯಂ-87 ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ. ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 5,000 ಕೋಟಿ ವರ್ಷ. ನೂರಾರು ಕೋಟಿ ವರ್ಷಗಳ ಹಿಂದೆಯೇ ಒಮ್ಮೆ ಕರಗಿ ರುಬಿಡಿಯಂ ಕಳೆದುಕೊಂಡ ಮ್ಯಾಂಟಲಿನಲ್ಲಿ ಈ ಅನುಪಾತ ಕೆಳಮಟ್ಟದಲ್ಲಿಯೇ ಉಳಿಯಿತು. ಸಾಗರದ ಏಣುಗಳ ಬಸಾಲ್ಟಿನಲ್ಲಿ (ಲಾವಾ ಆರಿ ಆದ ಕರಿಕಲ್ಲು) ಅದು 0.7025ರ ಆಸುಪಾಸು, ಖಂಡಗಳ ಹಳೆಯ ಗ್ರಾನೈಟುಗಳಲ್ಲಿ 0.71 ದಾಟುತ್ತದೆ, ಇನ್ನೂ ಮೇಲಕ್ಕೂ ಹೋಗುತ್ತದೆ. ಅಂತರ ಚಿಕ್ಕದೆನಿಸಬಹುದು, ಆದರೆ ನಮ್ಮ ಉಪಕರಣ ಐದನೆಯ ದಶಮಾಂಶ ಸ್ಥಾನದವರೆಗೆ ಅಳೆಯುತ್ತದೆ. 1964ರಲ್ಲಿ ಪಾಲ್ ಗ್ಯಾಸ್ಟ್ ಮತ್ತು ಸಂಗಡಿಗರು ಅಟ್ಲಾಂಟಿಕ್ ಸಾಗರದ ಅಸೆನ್ಷನ್ ಮತ್ತು ಗಫ್ ದ್ವೀಪಗಳ ಲಾವಾಗಳನ್ನು ಅಳೆದು, ಸ್ಟ್ರಾನ್ಷಿಯಂ ಮತ್ತು ಸೀಸದ ಅನುಪಾತಗಳು ಒಂದೇ ಬಗೆಯಲ್ಲಿಲ್ಲ ಎಂದು ತೋರಿಸಿದರು. ಎರಡೂ ಕಡಲ ನಡುವಿನ ದ್ವೀಪಗಳು. ಅಂದರೆ ಮ್ಯಾಂಟಲ್ ಎಲ್ಲ ಕಡೆಯೂ ಒಂದೇ ಹಿಟ್ಟಲ್ಲ, ಹಳೆಯ ನೆನಪುಗಳ ಪಟ್ಟೆಪಟ್ಟೆ ಅದರಲ್ಲಿ ಉಳಿದಿವೆ.

ಇಷ್ಟಾದರೂ ಕರಗಿದ್ದು ಯಾವಾಗ, ಎಷ್ಟು ಬೇಗ ಎಂಬುದು ಇದರಿಂದ ಗೊತ್ತಾಗುವುದಿಲ್ಲ. 5,000 ಕೋಟಿ ವರ್ಷದ ಗಡಿಯಾರದಲ್ಲಿ ಸಾವಿರ ವರ್ಷ ಕಾಣಿಸುವುದೇ ಇಲ್ಲ. ಅದಕ್ಕೆ ಯುರೇನಿಯಂ ಸರಣಿ ಬೇಕು. ನನಗೆ ಈ ಶಾಸ್ತ್ರದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದೇ.

ನಮ್ಮ ಹಳೆಯ ಕೆರೆಗಳ ಸಾಲನ್ನು ನೆನೆಸಿಕೊಳ್ಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ಕೋಡಿ ಬಿದ್ದರೆ ಇನ್ನೂ ಕೆಳಗಿನದಕ್ಕೆ. ಯುರೇನಿಯಂ-238 ಎಲ್ಲಕ್ಕಿಂತ ಮೇಲಿನ ದೊಡ್ಡ ಕೆರೆ. ಕೆಳಗೆ ಥೋರಿಯಂ-230 ಇದೆ, ಅದರ ಅರ್ಧಾಯುಷ್ಯ ಸುಮಾರು 75,000 ವರ್ಷ. ಅದರ ಕೆಳಗೆ ರೇಡಿಯಂ-226, ಅದರದು 1,600 ವರ್ಷ. ಕೊನೆಗೆ ಎಲ್ಲ ನೀರೂ ಸೀಸ-206 ಎಂಬ ತಗ್ಗಿನಲ್ಲಿ ನಿಲ್ಲುತ್ತದೆ. ಲಕ್ಷಾಂತರ ವರ್ಷ ಯಾರೂ ಕದಡದ ಬಂಡೆಯಲ್ಲಿ ಪ್ರತಿ ಕೆರೆಗೂ ಎಷ್ಟು ನೀರು ಬರುತ್ತದೆಯೋ ಅಷ್ಟೇ ಹೋಗುತ್ತದೆ. ಬಂಡೆ ಕರಗತೊಡಗಿದ ಕ್ಷಣ ಈ ಸಮತೋಲ ಕೆಡುತ್ತದೆ, ಏಕೆಂದರೆ ಯುರೇನಿಯಂ, ಥೋರಿಯಂ, ರೇಡಿಯಂ ಮೂರೂ ಬೇರೆ ಬೇರೆ ಧಾತುಗಳು, ದ್ರವಕ್ಕೆ ಇಳಿಯುವ ಪ್ರಮಾಣವೂ ಬೇರೆ ಬೇರೆ. ಆಮೇಲೆ ಸಮತೋಲ ಮರಳಲು ಸುಮಾರು ಐದು ಅರ್ಧಾಯುಷ್ಯಗಳು ಬೇಕು: ಥೋರಿಯಂಗೆ ಮೂರೂಮುಕ್ಕಾಲು ಲಕ್ಷ ವರ್ಷ, ರೇಡಿಯಂಗೆ 8,000 ವರ್ಷ. ಹೊಸ ಲಾವಾದಲ್ಲಿ ಸಮತೋಲ ಇನ್ನೂ ಕೆಟ್ಟಿದ್ದರೆ, ಅದು ಕೆಟ್ಟದ್ದು ಆ ಅವಧಿಯೊಳಗೆ ಎಂದಾಯಿತು.

ಸಾಗರದ ಏಣುಗಳ ತಾಜಾ ಬಸಾಲ್ಟಿನಲ್ಲಿ ಹಲವು ಕಡೆ ಥೋರಿಯಂ-230 ಇರಬೇಕಾದದ್ದಕ್ಕಿಂತ ಹೆಚ್ಚಿದೆ. ಹಾಗಾಗಬೇಕಾದರೆ ಯುರೇನಿಯಂ ಅನ್ನು ಹಿಡಿದಿಟ್ಟುಕೊಂಡು ಥೋರಿಯಂ ಅನ್ನು ಬಿಟ್ಟುಕೊಟ್ಟ ಖನಿಜವೊಂದು ಕರಗುವ ಜಾಗದಲ್ಲಿ ಇದ್ದಿರಬೇಕು. ಗಾರ್ನೆಟ್ ಹಾಗೆ ಮಾಡುತ್ತದೆ, ಮ್ಯಾಂಟಲ್ ಬಂಡೆಯಲ್ಲಿ ಗಾರ್ನೆಟ್ ಇರುವುದು ಸುಮಾರು 70–80 ಕಿಲೋಮೀಟರಿಗಿಂತ ಆಳದಲ್ಲಿ. ನೀವು ಓದಿದ 80 ಕಿಲೋಮೀಟರ್ ಬಂದದ್ದು ಇಲ್ಲಿಂದ. ಇನ್ನೂ ಮೇಲೆ, ಅಲ್ಯೂಮಿನಿಯಂ ಹೆಚ್ಚಿರುವ ಪೈರಾಕ್ಸೀನ್ ಎಂಬ ಖನಿಜ ಕೂಡ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ನನ್ನ ಒಲವು ಗಾರ್ನೆಟ್ ಕಡೆಗೇ, ಆದರೂ ಆಳದ ಸಂಖ್ಯೆಯನ್ನು ಥೋರಿಯಂ ಒಂದರ ಬಲದ ಮೇಲೆ ಹೇಳುವವರನ್ನು ನಾನು ಒಪ್ಪುವುದಿಲ್ಲ.

ರೇಡಿಯಂ ಇನ್ನೂ ಬೆರಗಿನದು. ಅದೇ ಲಾವಾಗಳಲ್ಲಿ ರೇಡಿಯಂ-226 ಕೂಡ ಹೆಚ್ಚಿದೆ. ಆ ಹೆಚ್ಚುವರಿ 80 ಕಿಲೋಮೀಟರ್ ಆಳದಲ್ಲಿ ಹುಟ್ಟಿದ್ದಾದರೆ 8,000 ವರ್ಷದೊಳಗೆ ಮೇಲೆ ತಲುಪಿರಬೇಕು. ಲೆಕ್ಕ ಹಾಕಿದರೆ ವರ್ಷಕ್ಕೆ ಕನಿಷ್ಠ 10 ಮೀಟರ್. ಸುತ್ತಲಿನ ಗಟ್ಟಿ ಬಂಡೆ ಏರುವುದು ವರ್ಷಕ್ಕೆ ಕೆಲವು ಸೆಂಟಿಮೀಟರ್. ಹರಳುಗಳ ಸಂದಿಯಲ್ಲಿ ಒಸರುತ್ತ ಬಂದಿದ್ದರೆ ಈ ವೇಗ ಸಾಧ್ಯವಾಗದು, ಹಾಗಾಗಿ ದ್ರವ ಕಾಲುವೆಗಳನ್ನು ಮಾಡಿಕೊಂಡು ಬಂದಿರಬೇಕು ಎನ್ನುವುದು ಒಂದು ವಾದ. ರೇಡಿಯಂ ಹೆಚ್ಚಾದದ್ದು ಮೇಲ್ಪದರದಲ್ಲಿ, ಕೊನೆಯ ಹಂತದಲ್ಲಿ ಎನ್ನುವುದು ಇನ್ನೊಂದು ವಾದ. ಮೊದಲನೆಯದಕ್ಕೆ ಬೆಂಬಲ ಒಮಾನಿನ ಬೆಟ್ಟಗಳಲ್ಲಿದೆ. ಅಲ್ಲಿ ಪ್ರಾಚೀನ ಸಾಗರತಳದ ಅಡಿಯ ಮ್ಯಾಂಟಲ್ ನೆಲದ ಮೇಲೆಯೇ ತೆರೆದುಕೊಂಡಿದೆ, ಅದರ ನಡುವೆ ಡ್ಯೂನೈಟ್ ಎಂಬ ಬಂಡೆಯ ಪಟ್ಟೆಗಳಿವೆ. ಹಾದುಹೋದ ದ್ರವ ಪೈರಾಕ್ಸೀನನ್ನು ತಿಂದುಹಾಕಿ ಬರೀ ಆಲಿವೀನ್ ಎಂಬ ಖನಿಜವನ್ನು ಉಳಿಸಿದ ಕಾಲುವೆಗಳು ಇವೇ ಎಂದು ಹೆಚ್ಚಿನವರು ಓದುತ್ತಾರೆ. ಕಲ್ಲಿನೊಳಗಿನ ಗಡಿಯಾರವೂ ಬೆಟ್ಟದ ಮೈಯೂ ಒಂದೇ ಮಾತು ಹೇಳಿದಾಗ ನನಗೆ ಧೈರ್ಯ ಬರುತ್ತದೆ.

ಸಾಗರತಳದ ಶಿಲಾಫಲಕಗಳು (ಪ್ಲೇಟ್) ಮ್ಯಾಂಟಲಿನೊಳಕ್ಕೆ ಜಾರುವ ಕಡೆ ಬಂಡೆಯನ್ನು ಕರಗಿಸುವುದು ನೀರು. ಅದಕ್ಕೂ ಸಾಕ್ಷಿ ಇದೆ. ಬೆರಿಲಿಯಂ-10 ಹುಟ್ಟುವುದು ವಾತಾವರಣದಲ್ಲಿ, ವಿಶ್ವಕಿರಣಗಳಿಂದ. ಮಳೆಯೊಂದಿಗೆ ಇಳಿದು ಸಾಗರತಳದ ಕೆಸರು ಸೇರುತ್ತದೆ; ಅರ್ಧಾಯುಷ್ಯ ಸುಮಾರು 14 ಲಕ್ಷ ವರ್ಷ, ಆದ್ದರಿಂದ ಮ್ಯಾಂಟಲಿನಲ್ಲಿ ತನ್ನದೇ ಆದ ಬೆರಿಲಿಯಂ-10 ಇರಲಾರದು. ಆದರೂ ನಿಕರಾಗುವದ ಲಾವಾದಲ್ಲಿ ಅದು ಸಿಕ್ಕಿದೆ. ಮಳೆಯಲ್ಲಿ ಇಳಿದದ್ದು ಭೂಮಿಯೊಳಗೆ ಹೋಗಿ ಜ್ವಾಲಾಮುಖಿಯ ಬಾಯಿಂದ ಮರಳಿ ಬಂದಿದೆ! ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇತ್ತೀಚಿನ ಉದಾಹರಣೆ ಐಸ್‌ಲ್ಯಾಂಡಿನದು. 2021ರ ಮಾರ್ಚ್ 19ರಂದು ರೇಕ್ಯಾನೆಸ್ ಪರ್ಯಾಯ ದ್ವೀಪದ ಫಾಗ್ರಾಡಾಲ್ಸ್‌ಫ್ಯಾಲ್‌ನಲ್ಲಿ ಬಿರುಕು ಬಿಟ್ಟು ಲಾವಾ ಹರಿಯಿತು. ಆ ಪರ್ಯಾಯ ದ್ವೀಪದಲ್ಲಿ ಸುಮಾರು 800 ವರ್ಷಗಳಿಂದ ಸ್ಫೋಟವಾಗಿರಲಿಲ್ಲ. ವಿಜ್ಞಾನಿಗಳು ಬಿಸಿ ಲಾವಾದ ಮಾದರಿಯನ್ನು ಮತ್ತೆ ಮತ್ತೆ ತೆಗೆದರು. ಮೊದಲ ದಿನಗಳದ್ದು ಮ್ಯಾಂಟಲಿನ ಮೇಲುಭಾಗದಲ್ಲಿ ಕರಗಿದ ದ್ರವ. ಕೆಲವೇ ವಾರಗಳಲ್ಲಿ ಇನ್ನೂ ಆಳದಲ್ಲಿ ಕರಗಿದ್ದು ಮೇಲುಗೈ ಪಡೆಯಿತು. ಧಾತುಗಳ ಜೊತೆಗೆ ಐಸೊಟೋಪ್ ಅನುಪಾತಗಳೂ ಬದಲಾದವು. ಧಾತುಗಳು ಮಾತ್ರ ಬದಲಾಗಿದ್ದರೆ ಕರಗಿದ ಪಾಲು ಹೆಚ್ಚುಕಡಿಮೆಯಾಗಿದೆ ಎನ್ನಬಹುದಿತ್ತು. ಐಸೊಟೋಪ್ ಬದಲಾದ್ದರಿಂದ ಕರಗಿದ ಬಂಡೆಯೇ ಬೇರೆ ಎಂದು ತಿಳಿಯಿತು: ಬೇಗ ಕರಗುವ ಪಟ್ಟೆಗಳು ಆಳದಲ್ಲಿಯೇ ಕರಗಿದ್ದವು, ಮೊದಲೇ ಸೋರಿಹೋದ ಬಂಡೆ ಮೇಲೆ ಬಂದ ನಂತರ ಕರಗಿತ್ತು.

ಇನ್ನು ನಿಮ್ಮ ಬಾವಿಯ ಕಲ್ಲು. ಎರೆ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು ಎಂದಾದರೆ ಅದು ಬಹುಪಾಲು ದಖ್ಖನ್ ಬಸಾಲ್ಟ್, ವಯಸ್ಸು ಸುಮಾರು 6.6 ಕೋಟಿ ವರ್ಷ. ಅದರಲ್ಲಿ ಥೋರಿಯಂ, ರೇಡಿಯಂ ಗಡಿಯಾರಗಳು ಎಂದೋ ಸಮತೋಲಕ್ಕೆ ಮರಳಿವೆ, ಅಲ್ಲಿ ಅಳೆಯಲು ಏನೂ ಉಳಿದಿಲ್ಲ. ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಸೀಸ ಇವು ಮಾತನಾಡುತ್ತವೆ, ಆದರೆ ಎಚ್ಚರ ಬೇಕು. ಆ ಲಾವಾ ಮೇಲೆ ಬರುವಾಗ ಹಳೆಯ ಖಂಡದ ಬಂಡೆಯನ್ನೂ ಕರಗಿಸಿ ಬೆರೆಸಿಕೊಂಡಿರಬಹುದು. ಪಶ್ಚಿಮ ಘಟ್ಟದ ಅಂಬೇನಳಿ ಎಂಬ ಲಾವಾ ಸ್ತರದಲ್ಲಿ ಸ್ಟ್ರಾನ್ಷಿಯಂ 87/86 ಅನುಪಾತ 0.704ರ ಆಸುಪಾಸು, ಮ್ಯಾಂಟಲಿಗೆ ಹತ್ತಿರ. ಬುಶೆ ಸ್ತರದಲ್ಲಿ ಅದು 0.713ಕ್ಕೂ ಮೇಲೆ, ಅಲ್ಲಿ ಖಂಡದ ಬೆರಕೆ ಸ್ಪಷ್ಟ. ಎರಡೂ ಕಣ್ಣಿಗೆ ಒಂದೇ ಕರಿಕಲ್ಲು.

ನಾನು ಮೊದಲು ಅಳೆದ ಕಲ್ಲನ್ನು ರಸ್ತೆ ಬದಿಯಿಂದ ಎತ್ತಿಕೊಂಡು ಬಂದಿದ್ದೆ. ಸಂಖ್ಯೆ ವಿಪರೀತ ಹೆಚ್ಚು ಬಂತು. ಹೊಸದೇನೋ ಸಿಕ್ಕಿತೆಂದು ಎರಡು ದಿನ ನಿದ್ದೆ ಬರಲಿಲ್ಲ. ನಮ್ಮ ಗುರುಗಳು ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಮತ್ತೆ ಅಳೆಯಲು ಹೇಳಿದರು, ಸಂಖ್ಯೆ ಇಳಿಯಿತು. ನಾನು ಅಳೆದದ್ದರಲ್ಲಿ ಮಳೆನೀರು ಕಲ್ಲಿನ ಗುಳಿಗಳಲ್ಲಿ ತುಂಬಿಸಿದ ಸುಣ್ಣವೂ ಸೇರಿತ್ತು. ಆದ್ದರಿಂದ ಕಲ್ಲು ಆರಿಸುವಾಗ ಬಿಳಿ ಗುಳಿಗಳಿರುವುದನ್ನು ಬಿಡಿ, ಬಾವಿಯ ಆಳದ, ಒಡೆದರೆ ಖಣಖಣ ಎನ್ನುವ ಗಟ್ಟಿ ತುಂಡನ್ನು ತೆಗೆಯಿರಿ, ಯಾವ ಆಳದ್ದೆಂದು ಬರೆದಿಡಿ. ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಅದನ್ನು ತೋರಿಸಿದರೆ ತೆಳುಪದರ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಐಸೊಟೋಪ್ ಅಳೆಯುವಷ್ಟು ತಾಜಾ ಇದೆಯೇ ಎಂದು ಹೇಳಬಲ್ಲರು.