ಬೆನ್ನಿಗೊಂದು ಬ್ಯಾಗು, ಟರ್ಕಿ ದಾರಿ

ಪ್ರಶ್ನೆ: ಟರ್ಕಿಯಲ್ಲಿ ಪಾಳು ನಗರ, ಬಜಾರು, ಬೀಚು ಮೂರೂ ನೋಡುವಾಸೆ. ದುಡ್ಡು ಕಮ್ಮಿ. ಆಗುತ್ತದಾ?

ಉತ್ತರ: ಧಾರಾಳವಾಗಿ ಆಗುತ್ತದೆ. ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್ ಭಾನುವಾರ ಮುಚ್ಚಿರುತ್ತದೆ. ಉಳಿದ ದಿನ ಹೋಗಿ, ಆದರೆ ಹೇಳಿದ ರೇಟಿಗೆ ಸುಮ್ನೆ ತಲೆಯಾಡಿಸಬೇಡಿ. ರಾತ್ರಿ ಬಸ್ಸು ಹಿಡಿದು ಸೆಲ್ಚುಕ್ ಊರಿಗೆ ಹೋದರೆ ರೂಮಿನ ಬಾಡಿಗೆಯೂ ಉಳಿಯುತ್ತದೆ, ಅಲ್ವಾ? ನಿಮ್ಮ ಪಾಳು ನಗರ ಎಫೆಸಸ್ ಪಕ್ಕದಲ್ಲೇ ಇದೆ. ಗೇಟು ತೆರೆಯುವ ಹೊತ್ತಿಗೇ ಒಳಗಿರಿ, ಯಾಕಂದ್ರೆ ಅಲ್ಲಿ ನೆರಳು ಕಮ್ಮಿ, ಸವೆದ ಅಮೃತಶಿಲೆಯ ಹಾಸು ಜಾರುತ್ತದೆ, ಮತ್ತೆ ಸೆಲ್ಸಸ್ ಗ್ರಂಥಾಲಯ ಪೂರ್ವಕ್ಕೆ ಮುಖ ಮಾಡಿರುವುದರಿಂದ ಎಳೆ ಬಿಸಿಲು ನೇರ ಅದರ ಕಂಬಗಳ ಮೇಲೇ ಬೀಳುತ್ತದೆ.

ಬೀಚಿಗೆ ನನ್ನ ಓಟು ಪತಾರಾಕ್ಕೆ. ಸುಮಾರು 18 ಕಿ.ಮೀ. ಮರಳು, ದಾರಿಯಲ್ಲೇ ಹಳೇ ರಂಗಮಂದಿರ. ಬೇಸಿಗೆಯಲ್ಲಿ ಕಡಲಾಮೆ ಮೊಟ್ಟೆಯಿಡುವುದರಿಂದ ರಾತ್ರಿ ಒಳಗೆ ಬಿಡುವುದಿಲ್ಲ. ಹತ್ತಿರದ ಊರುಗಳಿಗೆ ದೊಲ್ಮುಶ್ ಎಂಬ ಮಿನಿಬಸ್ಸಿದೆ, ಚಿಲ್ಲರೆ ಲಿರಾ ಇಟ್ಟುಕೊಳ್ಳಿ.