ಜ್ಯೂಸರ್ ಕೊಳ್ಳುವ ಮುಂಚೆ, ತೊಳೆಯುವವರು ಯಾರು ಅಂತ ಕೇಳಿ

ಹಸಿ ಆಹಾರ ಪದ್ಧತಿಗೆ ಹೊಂದುವ ಜ್ಯೂಸರ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಆಹಾರ ತಜ್ಞೆಯ ಉತ್ತರ

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತರು. ಪ್ರಕೃತಿ ಚಿಕಿತ್ಸಾ ಕೇಂದ್ರದಲ್ಲಿ ಹತ್ತು ದಿನ ಇದ್ದು ಬಂದಮೇಲೆ ಬೆಳಗ್ಗೆ, ರಾತ್ರಿ ಬೇಯಿಸಿದ್ದನ್ನು ಮುಟ್ಟುತ್ತಿಲ್ಲ. ಹಣ್ಣು, ಮೊಳಕೆಕಾಳು, ಕೋಸಂಬರಿ, ಜೊತೆಗೆ ಬೂದುಗುಂಬಳದ ರಸ, ಗರಿಕೆ-ಪಾಲಕ್-ಪುದೀನದ ರಸ. ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಹಿಂಡಿ ಹಿಂಡಿ ನನ್ನ ಮಣಿಕಟ್ಟು ನೋಯುತ್ತಿದೆ. ಅಂಗಡಿಯಲ್ಲಿ 3 ಸಾವಿರದ ಜ್ಯೂಸರೂ ಇದೆ, 18 ಸಾವಿರದ ಕೋಲ್ಡ್ ಪ್ರೆಸ್ಸೂ ಇದೆ. ಯಾವುದು ತಗೊಳ್ಳಲಿ ಮೇಡಂ?
— ಗೃಹಿಣಿ, ಧಾರವಾಡ

ಉತ್ತರ: ನಿಮ್ಮ ಪಟ್ಟಿಯಲ್ಲಿ ಹೆಚ್ಚಿನದು ಸೊಪ್ಪು ಮತ್ತು ಹುಲ್ಲು. ಆದ್ದರಿಂದ 3 ಸಾವಿರದ್ದು ಬೇಡ.

ಆ ಬೆಲೆಗೆ ಸಿಗುವುದು ಸೆಂಟ್ರಿಫ್ಯೂಗಲ್ ಜ್ಯೂಸರ್. ಒಳಗೆ ತುರಿಮಣೆಯಂಥ ಒಂದು ಬಿಲ್ಲೆ, ಸುತ್ತ ಜರಡಿ ಬುಟ್ಟಿ. ಎರಡೂ ಒಟ್ಟಿಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಬಿಲ್ಲೆ ತುರಿಯುತ್ತದೆ, ತುರಿ ಜರಡಿಗೆ ಬಡಿಯುತ್ತದೆ, ರಸ ಸಿಡಿದು ಹೊರಬರುತ್ತದೆ. ಕ್ಯಾರೆಟ್, ಸೇಬು, ಬೀಟ್‌ರೂಟ್‌ಗೆ ಇದು ಸಾಕು, ಎರಡೇ ನಿಮಿಷದ ಕೆಲಸ. ಗರಿಕೆಯಲ್ಲಿ ತುರಿಯಲು ಏನಿದೆ? ಎಲೆ ಹಾರಿ ಹೋಗಿ ಬುಟ್ಟಿಗೆ ಅಂಟಿ ಕೂರುತ್ತದೆ. ನಾನು ಕೊಂಡ ಮೊದಲ ಜ್ಯೂಸರ್ ಇದೇ ಜಾತಿಯದು. ಒಂದು ಕಟ್ಟು ಪಾಲಕ್ ಹಾಕಿ ನಾಲ್ಕು ಚಮಚ ರಸ ಪಡೆದೆ, ಅದರಲ್ಲೂ ಅರ್ಧ ನೊರೆ. ಆರು ತಿಂಗಳಾಗುವಷ್ಟರಲ್ಲಿ ಅದು ಅಟ್ಟ ಸೇರಿತು.

ಕೋಲ್ಡ್ ಪ್ರೆಸ್ ಅಥವಾ ಸ್ಲೋ ಜ್ಯೂಸರ್ ಎನ್ನುವುದು ಗಾಣದ ವಂಶದ್ದು. ದಪ್ಪ ತಿರುಪೊಂದು ನಿಮಿಷಕ್ಕೆ ಸುಮಾರು 40ರಿಂದ 80 ಸುತ್ತು ನಿಧಾನಕ್ಕೆ ತಿರುಗುತ್ತಾ ಎಲೆಯನ್ನು ಜರಡಿಗೆ ಒತ್ತಿ ಹಿಂಡುತ್ತದೆ. ಹಿಪ್ಪೆ ಒಣಗಿದ ಹಾಗೆ ಹೊರಗೆ ಬೀಳುತ್ತದೆ. ಇದರಲ್ಲೂ ಎರಡು ಬಗೆ. ತಿರುಪು ನೆಟ್ಟಗೆ ನಿಂತಿರುವುದು ಒಂದು. ಈಗ ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಅದೇ. ಬಾಯಿ ಅಗಲ, ಹಣ್ಣಿಗೂ ತರಕಾರಿಗೂ ಅನುಕೂಲ, ಅಡುಗೆಕಟ್ಟೆಯಲ್ಲಿ ಹಿಡಿಯುವ ಜಾಗವೂ ಕಡಿಮೆ. ತಿರುಪು ಅಡ್ಡ ಮಲಗಿರುವುದು ಇನ್ನೊಂದು. ನೋಡಲು ಕೈಯಿಂದ ತಿರುಗಿಸುವ ಹಳೆಯ ಶ್ಯಾವಿಗೆ ಯಂತ್ರದ ಹಾಗಿರುತ್ತದೆ. ಬಾಯಿ ಕಿರಿದು, ಎಲ್ಲವನ್ನೂ ಹೆಚ್ಚಿ ಹಾಕಬೇಕು, ಮಾಗಿದ ಹಣ್ಣು ಹಾಕಿದರೆ ಗೊಜ್ಜಾಗುತ್ತದೆ. ಆದರೆ ಗರಿಕೆ, ಗೋಧಿಹುಲ್ಲು, ಒಂದೆಲಗ, ನುಗ್ಗೆಸೊಪ್ಪು ಇವುಗಳ ರಸ ತೆಗೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ನಾರು ಉದ್ದಕ್ಕೆ ಸಾಗಿ ಹೊರಗೆ ಹೋಗುವುದರಿಂದ ಸಿಕ್ಕಿಕೊಳ್ಳುವುದು ಕಡಿಮೆ. ನಿಮ್ಮ ಮನೆಗೆ ನನ್ನ ಓಟು ಅದಕ್ಕೇ. ಬೂದುಗುಂಬಳಕ್ಕೆ ಯಂತ್ರವೇ ಬೇಡ. ತುರಿದು ಬಟ್ಟೆಯಲ್ಲಿ ಮೆಲ್ಲಗೆ ಒತ್ತಿದರೆ ತಾನಾಗಿ ನೀರು ಬಿಡುತ್ತದೆ.

ಅಂಗಡಿಯವರು ವ್ಯಾಟ್ ಹೆಚ್ಚಿದೆ ಅಂತ ಹೊಗಳಿದರೆ ತಲೆಯಾಡಿಸಿ ಸುಮ್ಮನಿರಿ. ಸ್ಲೋ ಜ್ಯೂಸರ್‌ಗಳು ಬಹುಪಾಲು 150ರಿಂದ 250 ವ್ಯಾಟ್‌ನವೇ. ಹಿಂಡುವ ಬಲ ಬರುವುದು ಒಳಗಿನ ಗಿಯರಿನಿಂದ. ಕೇಳಬೇಕಾದ ಪ್ರಶ್ನೆ ಬೇರೆ: ಜರಡಿ ಮತ್ತು ತಿರುಪು ಬಿಡಿಯಾಗಿ ಸಿಗುತ್ತವೆಯೇ, ಎಷ್ಟಕ್ಕೆ, ನಿಮ್ಮೂರಲ್ಲಿ ಸರ್ವಿಸ್ ಇದೆಯೇ? ಮೋಟಾರಿಗೆ ಹತ್ತು ವರ್ಷ ಗ್ಯಾರಂಟಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಮೊದಲು ಹೋಗುವುದು ಮೋಟಾರಲ್ಲ. ಜರಡಿ ಬಿರುಕು ಬಿಡುತ್ತದೆ, ರಬ್ಬರ್ ವಾಷರ್ ಸಡಿಲವಾಗುತ್ತದೆ.

ಇನ್ನು ತೊಳೆಯುವ ವಿಚಾರ. ಕೊಂಡವರಲ್ಲಿ ಎಷ್ಟೋ ಮಂದಿ ಜ್ಯೂಸರ್ ಬಿಡುವುದು ಇದೇ ಕಾರಣಕ್ಕೆ. ಒಂದು ಲೋಟ ರಸಕ್ಕೆ ಐದಾರು ಬಿಡಿಭಾಗ ತೊಳೆಯಬೇಕು. ಜರಡಿಯ ಸಣ್ಣ ತೂತುಗಳಲ್ಲಿ ಹಿಪ್ಪೆ ಒಣಗಿದರೆ ಆಮೇಲೆ ಬ್ರಷ್ಷಿಗೂ ಜಗ್ಗುವುದಿಲ್ಲ. ರಸ ಲೋಟಕ್ಕೆ ಬಿದ್ದ ಕೂಡಲೇ, ಕುಡಿಯುವ ಮುಂಚೆಯೇ, ಜರಡಿಯನ್ನು ನಲ್ಲಿ ಕೆಳಗೆ ಹಿಡಿಯಬೇಕು. ಕ್ಯಾರೆಟ್, ಬೀಟ್‌ರೂಟ್ ಬಣ್ಣ ಹಿಡಿದರೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಒಂದು ಮಾತು ಹೇಳುತ್ತೇನೆ, ಬೇಸರ ಬೇಡ: ಈ ಪಥ್ಯ ನಿಮ್ಮ ಯಜಮಾನರದು, ಅವರು ನಿವೃತ್ತರೂ ಹೌದು. ಜ್ಯೂಸರ್ ತೊಳೆಯುವ ಕೆಲಸವನ್ನು ಅವರು ಒಪ್ಪಿಕೊಂಡ ಮೇಲೆ ದುಡ್ಡು ಕೊಡಿ.

ಮಧ್ಯಾಹ್ನ ಅವರು ಬೇಯಿಸಿದ ಊಟ ಮಾಡುತ್ತಿದ್ದಾರೆ ಅಂದುಕೊಂಡಿದ್ದೇನೆ. ಅದನ್ನು ಬಿಡಿಸಬೇಡಿ. ಗಾಂಧೀಜಿಯವರೂ 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಹಿಡಿದು, ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದು, ಕೆಲವೇ ತಿಂಗಳಲ್ಲಿ ಆರೋಗ್ಯ ಕೆಟ್ಟು ಕೈಬಿಟ್ಟರು. ಹಾಲು ಮೊಸರನ್ನೂ ಬಿಟ್ಟಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಸೊಪ್ಪು ತರಕಾರಿಯಿಂದ ಅದು ಸಿಗುವುದಿಲ್ಲ. ಹಸಿ ಪಾಲಕ್ ಮಾತ್ರ ದಿನಾ ಬೇಡ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅದರಲ್ಲಿ ಬಹಳ, ಬೀಟ್‌ರೂಟ್‌ನಲ್ಲೂ ಹಾಗೆಯೇ. ತಟ್ಟೆಯಲ್ಲಿ ಒಂದು ಹಿಡಿ ತಿನ್ನುವವರು ಲೋಟದಲ್ಲಿ ಎರಡು ಕಟ್ಟು ಕುಡಿದುಬಿಡುತ್ತಾರೆ. ಮೂತ್ರಪಿಂಡದ ಕಲ್ಲು ಆಗಿದ್ದವರು, ಮೂತ್ರಪಿಂಡ ದುರ್ಬಲವಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿರುವವರು ಹಸಿ ಪಾಲಕ್ ರಸವನ್ನು ಪೂರ್ತಿ ಬಿಡಬೇಕು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ರಸ ಶುರು ಮಾಡುವ ಮುಂಚೆ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡಬರುತ್ತದೆ.

ಪ್ರಶ್ನೆ: ವೇಗದ ಜ್ಯೂಸರ್‌ನಲ್ಲಿ ರಸ ಬಿಸಿಯಾಗಿ ಕಿಣ್ವಗಳೆಲ್ಲ ಸಾಯುತ್ತವೆ, ಅದನ್ನು ಕುಡಿಯುವುದೂ ಒಂದೇ, ಬೇಯಿಸಿದ್ದು ತಿನ್ನುವುದೂ ಒಂದೇ ಅಂತ ನಮ್ಮ ಯೋಗದ ಗುಂಪಿನಲ್ಲಿ ಹೇಳುತ್ತಾರೆ. ನಿಜವಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಒಂದು ಅಡುಗೆ ಥರ್ಮಾಮೀಟರ್ ತಂದು ಲೋಟದಲ್ಲಿ ಅದ್ದಿ ನೋಡಿ. ಕ್ಯಾರೆಟ್ ಹಾಕುವ ಮುಂಚೆ ಇದ್ದ ಉಷ್ಣತೆಗಿಂತ ರಸದ ಉಷ್ಣತೆ ಕೆಲವೇ ಡಿಗ್ರಿ ಏರಿರುತ್ತದೆ. ಇದಕ್ಕಿಂತ ಹೆಚ್ಚು ಬಿಸಿಯಾಗಬಾರದು ಎಂದು ಹಸಿ ಆಹಾರದವರೇ ಇಟ್ಟುಕೊಂಡ ಗಡಿ ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಸೆಲ್ಸಿಯಸ್. ಅದನ್ನು ಮುಟ್ಟುವಷ್ಟು ಹೊತ್ತು ರಸ ಯಂತ್ರದೊಳಗೆ ನಿಲ್ಲುವುದೇ ಇಲ್ಲ. ಇನ್ನು ಕಿಣ್ವವೆಂದರೆ ಪ್ರೋಟೀನು. ಹೊಟ್ಟೆಯ ಆಮ್ಲಕ್ಕೆ ಬಿದ್ದಮೇಲೆ ಅದರಲ್ಲಿ ಬಹುಪಾಲು ಬೇಳೆಯ ಪ್ರೋಟೀನಿನ ಹಾಗೆಯೇ ಜೀರ್ಣವಾಗುತ್ತದೆ.

ನಿಧಾನದ ಯಂತ್ರದ ಲಾಭ ಬೇರೆ ಕಡೆ ಇದೆ. ನೊರೆ ಕಡಿಮೆ, ಅಂದರೆ ರಸದೊಳಗೆ ಸೇರುವ ಗಾಳಿ ಕಡಿಮೆ. ಬೇಗ ಕಪ್ಪಾಗುವುದಿಲ್ಲ, ನೀರು ಬೇರೆ ತಿರುಳು ಬೇರೆ ಆಗುವುದು ತಡ. ಸೊಪ್ಪಿನಿಂದ ಹೆಚ್ಚು ರಸ, ಗದ್ದಲವೂ ಕಡಿಮೆ. ಬೆಳಗ್ಗೆ ಐದಕ್ಕೆ ಎದ್ದು ಜ್ಯೂಸ್ ಮಾಡುವವರ ಪಕ್ಕದ ಮನೆಯವರನ್ನು ಕೇಳಿದರೆ ಇದರ ಬೆಲೆ ಗೊತ್ತಾಗುತ್ತದೆ. ತೆಗೆದು ಹತ್ತು ನಿಮಿಷದಲ್ಲಿ ಕುಡಿಯುವವರಿಗೆ ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ. ಬಾಟಲಿಗೆ ತುಂಬಿ ಆಫೀಸಿಗೆ ಒಯ್ಯುವವರಾದರೆ ಸ್ಲೋ ಜ್ಯೂಸರೇ ಸರಿ. ಬಾಟಲಿ ಕಂಠದವರೆಗೂ ತುಂಬಿರಲಿ, ನಿಂಬೆರಸ ಹಿಂಡಿ, ಫ್ರಿಜ್ಜಿನಲ್ಲಿಡಿ, ಅದೇ ದಿನ ಮುಗಿಸಿ. ಹಸಿ ರಸವನ್ನು ಯಾರೂ ಕಾಯಿಸಿರುವುದಿಲ್ಲ ಎಂಬುದು ನೆನಪಿರಲಿ. 1996ರಲ್ಲಿ ಅಮೆರಿಕದಲ್ಲಿ ಪಾಶ್ಚರೀಕರಿಸದ ಸೇಬಿನ ರಸ ಕುಡಿದು ಹತ್ತಾರು ಜನ ಇ-ಕೋಲಿ ಬ್ಯಾಕ್ಟೀರಿಯಾದ ಸೋಂಕಿಗೆ ಸಿಕ್ಕಿದರು, ಒಂದು ಮಗು ತೀರಿಕೊಂಡಿತು. ಗರಿಕೆಯನ್ನು ನಾಯಿ ಓಡಾಡುವ ಪಾರ್ಕಿನಿಂದ ಕಿತ್ತು ತರುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕುಂಡದಲ್ಲಿ ಬೆಳೆಸಿಕೊಳ್ಳಿ.

ಪ್ರಶ್ನೆ: ನನಗೆ ಡಯಾಬಿಟಿಸ್ ಇದೆ. ಮನೆಯಲ್ಲೇ ಸಕ್ಕರೆ ಹಾಕದೆ ತೆಗೆದ ಮೋಸಂಬಿ ರಸ ಕುಡಿಯಬಹುದಲ್ಲವೇ? ಕೋಲ್ಡ್ ಪ್ರೆಸ್ ಆದರೆ ಶುಗರ್ ಏರುವುದಿಲ್ಲ ಎನ್ನುತ್ತಾರೆ.
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಯಾವ ಯಂತ್ರವೂ ಹಣ್ಣಿನ ಸಕ್ಕರೆಯನ್ನು ಬಿಟ್ಟು ಬರೀ ರಸ ಕೊಡುವುದಿಲ್ಲ ಸಾರ್. ಅದು ಬಿಟ್ಟುಬಿಡುವುದು ನಾರನ್ನು, ನಿಮಗೆ ಬೇಕಾಗಿರುವುದೂ ಅದೇ. ಒಂದು ಲೋಟಕ್ಕೆ ಮೂರು ನಾಲ್ಕು ಮೋಸಂಬಿ ಬೇಕು. ಕೂತು ಬಿಡಿಸಿ ತಿಂದರೆ ಒಂದಕ್ಕೇ ಸಾಕೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಜೇನುತುಪ್ಪ, ಸಕ್ಕರೆ ಪಾಕದ ಸಾಲಿನಲ್ಲೇ ಇಟ್ಟಿದೆ; ಇಡೀ ಹಣ್ಣನ್ನು ಆ ಸಾಲಿಗೆ ಸೇರಿಸಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಹೇಳುತ್ತದೆ. ಆ ನೂರು ಗ್ರಾಂ ಹಣ್ಣನ್ನು ಹಲ್ಲಿನಿಂದಲೇ ತಿನ್ನಿ. ರಸ ಕುಡಿಯುವ ಆಸೆಗೆ ಸೌತೆಕಾಯಿ, ಪುದೀನ, ಒಂದು ನೆಲ್ಲಿಕಾಯಿಯ ರಸ ಇರಲಿ. ನೆಲ್ಲಿಯ ಬೀಜ ತೆಗೆದು ಹಾಕಿ, ಇಲ್ಲದಿದ್ದರೆ ತಿರುಪು ಮುರಿಯುತ್ತದೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನಲ್ಲಿರುವ ಅಪ್ಪ ಅಮ್ಮನಿಗೆ ಇಲ್ಲಿಂದ ಒಳ್ಳೆಯ ಜ್ಯೂಸರ್ ತರೋಣ ಅಂತಿದ್ದೇನೆ. ಡಿಸ್ಕೌಂಟ್ ಚೆನ್ನಾಗಿದೆ.
— ಅನಿವಾಸಿ ಓದುಗ

ಉತ್ತರ: ತರಬೇಡಿ. ಅಲ್ಲಿಯ ಕರೆಂಟು 120 ವೋಲ್ಟ್, 60 ಹರ್ಟ್ಜ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಜ್. ನೇರ ಪ್ಲಗ್ ಮಾಡಿದರೆ ಮೊದಲ ದಿನವೇ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೂ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಜ್ ಬದಲಾಗುವುದಿಲ್ಲ. ಹರ್ಟ್ಜ್‌ಗೆ ತಕ್ಕ ವೇಗದಲ್ಲಿ ತಿರುಗುವ ಇಂಡಕ್ಷನ್ ಮೋಟಾರ್ ಇದ್ದರೆ ಅದು ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತಾ ಬಿಸಿಯಾಗುತ್ತದೆ. ಕೆಟ್ಟರೆ ಇಲ್ಲಿ ಗ್ಯಾರಂಟಿ ನಡೆಯುವುದೂ ಅನುಮಾನ. ಕೊರಿಯಾದ ಹುರೋಮ್, ಕುವಿಂಗ್ಸ್‌ನಂಥವು ಭಾರತದಲ್ಲೇ 230 ವೋಲ್ಟಿನಲ್ಲಿ ಸಿಗುತ್ತವೆ, ದೇಶೀ ಕಂಪನಿಗಳದೂ ಇವೆ. ದುಡ್ಡು ಕಳಿಸಿ, ಅಪ್ಪ ಅಮ್ಮ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಲಿ. ಮುಚ್ಚಳ ತಿರುಗಿಸಿ ಬಿಚ್ಚಲು ಅಮ್ಮನ ಕೈಯಲ್ಲಿ ಆಗುತ್ತದೆಯೇ ಎನ್ನುವುದು ನಿಮಗೆ ಅಲ್ಲಿ ಕೂತು ತಿಳಿಯುವುದಿಲ್ಲ.

ಪ್ರಶ್ನೆ: ದಿನಾ ಬೆಳಗ್ಗೆ ಸೋರೆಕಾಯಿ ರಸ ಕುಡಿಯುತ್ತೇನೆ. ಮೊನ್ನೆ ಕಹಿಯಾಗಿತ್ತು. ಔಷಧಿ ಅಲ್ಲವೇ ಎಂದು ಕಣ್ಣುಮುಚ್ಚಿ ಕುಡಿದೆ. ವಾಂತಿಯಾಯಿತು. ಜ್ಯೂಸರ್ ತಪ್ಪಾ, ಕಾಯಿ ತಪ್ಪಾ?
— ವ್ಯಾಪಾರಿ, ತುಮಕೂರು

ಉತ್ತರ: ಕಾಯಿಯದು. ವಾಂತಿಯಾಗಿ ಹೋಗಿದ್ದು ನಿಮ್ಮ ಪುಣ್ಯ. ಸೋರೆ, ಸೌತೆ, ಹೀರೆಯ ಕುಟುಂಬದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಕೆಲವೊಮ್ಮೆ ಹೆಚ್ಚಾಗಿಬಿಡುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ರಚಿಸಿತು. ಸಮಿತಿ ಹೇಳಿದ್ದು: ಕಹಿ ಇದ್ದರೆ ಚೆಲ್ಲಿ, ಬೇರೆ ರಸದ ಜೊತೆ ಬೆರೆಸಬೇಡಿ, ಕುಡಿದು ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನಮ್ಮ ಅಜ್ಜಿಯಂದಿರು ಸೌತೆಕಾಯಿ ಹೆಚ್ಚುವ ಮುಂಚೆ ತುದಿ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಯಂತ್ರ ಬಂದಮೇಲೆ ಆ ಅಭ್ಯಾಸ ತಪ್ಪಿದೆ. ಕಾಯಿ ನೇರ ತಿರುಪಿಗೆ ಹೋಗುತ್ತದೆ, ಜೊತೆಗೆ ಶುಂಠಿ, ನಿಂಬೆ, ಪುದೀನ ಬಿದ್ದಮೇಲೆ ಕಹಿ ಮರೆಯಾಗುತ್ತದೆ. ಪ್ರತಿ ಕಾಯಿಯಿಂದಲೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಕಹಿಯಾದರೆ ಉಗಿದು ಇಡೀ ಕಾಯಿ ಎಸೆಯಿರಿ. ಅಂದಹಾಗೆ, ಕಹಿಯಾದ ಆ ಕಾಯಿಯ ಹಿಪ್ಪೆಯನ್ನು ಆಕಳಿಗೆ ಹಾಕಿಲ್ಲ ತಾನೆ?