ಅಳಿವೆಯಲ್ಲಿ ಆಮ್ಲಜನಕ ಇಳಿಯಿತೆ, ಸೆನ್ಸರಿಗೆ ಪಾಚಿ ಹಿಡಿಯಿತೆ?

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ ಕಂಬಕ್ಕೆ ಕಟ್ಟಿದ ನಮ್ಮ ಸೆನ್ಸರು 15 ನಿಮಿಷಕ್ಕೊಮ್ಮೆ ಕರಗಿದ ಆಮ್ಲಜನಕ, ಉಪ್ಪಿನಂಶ ದಾಖಲಿಸುತ್ತದೆ. ಮೊದಲ ವಾರ ಬೆಳಗಿನ ಜಾವ ಲೀಟರಿಗೆ 5 ಮಿಲಿಗ್ರಾಂ ಇದ್ದ ಆಮ್ಲಜನಕ ಮೂರನೇ ವಾರ 2ಕ್ಕೆ ಇಳಿದಿದೆ. ಮಧ್ಯಾಹ್ನ 9 ದಾಟುತ್ತದೆ. ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವವರು ಚಿಪ್ಪೇನೂ ಸತ್ತಿಲ್ಲ ಅನ್ನುತ್ತಾರೆ. ನೀರು ಕೆಟ್ಟಿದೆಯೇ?

ಉತ್ತರ: ಬಳಚಿನವರ ಮಾತು ತಳ್ಳಿಹಾಕಬೇಡಿ. ಬೆಚ್ಚನೆಯ ಉಪ್ಪುನೀರಿನಲ್ಲಿ ಸೆನ್ಸರಿನ ಮುಖಕ್ಕೆ ಪಾಚಿ ಕಟ್ಟಲು ಮೂರು ವಾರ ಧಾರಾಳ. ಅದು ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಹೀರುತ್ತದೆ. ಸೆನ್ಸರು ಆ ಪದರದೊಳಗಿನ ಲೆಕ್ಕವನ್ನೇ ಒಪ್ಪಿಸುತ್ತದೆ.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಆಮ್ಲಜನಕದ ಕನಿಷ್ಠ ಮಟ್ಟವೂ ಹಾಗೇ ಸರಿಯುತ್ತಿದ್ದರೆ ಬೇರೆ ಕಡೆಯ ನೀರು ಬಂದುಹೋಗುತ್ತಿದೆ. ದಿನವೂ ಸೂರ್ಯೋದಯದ ಹೊತ್ತಿಗೇ ನಿಂತಿದ್ದರೆ ಪಾಚಿಯ ಮೇಲೆ ಗುಮಾನಿ. ಆದರೆ ಆಳವಿಲ್ಲದ ಅಳಿವೆಯಲ್ಲಿ ನೀರಿನೊಳಗಿನ ಪಾಚಿಯೂ ಇದೇ ಆಟ ಆಡುತ್ತದೆ, ಹಾಗಾಗಿ ಗ್ರಾಫ್ ಒಂದನ್ನೇ ನಂಬಬೇಡಿ.

ಆಗಷ್ಟೇ ಕ್ಯಾಲಿಬ್ರೇಟ್ ಮಾಡಿದ (ಗೊತ್ತಿರುವ ಅಳತೆಗೆ ಹೊಂದಿಸಿದ) ಕೈಮೀಟರನ್ನು ಸೆನ್ಸರಿನ ಪಕ್ಕ, ಅದೇ ಆಳಕ್ಕೆ ಇಳಿಸಿ. ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಹರಿಯುವಲ್ಲಿ ಅರ್ಧ ಮೀಟರಿನ ವ್ಯತ್ಯಾಸವೂ ಲೆಕ್ಕ ಕೆಡಿಸುತ್ತದೆ. ಎರಡೂ ಅಂಕಿ ಬರೆದುಕೊಳ್ಳಿ. ಸೆನ್ಸರನ್ನು ಎತ್ತಿ, ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ, ಎರಡೂ ಅಂಕಿ ಇನ್ನೊಮ್ಮೆ. ಒರೆಸಿದ ಮೇಲೆ ಸೆನ್ಸರಿನ ಅಂಕಿ ಬದಲಾದಷ್ಟರಲ್ಲಿ ಕೈಮೀಟರಿನದು ಬದಲಾದಷ್ಟನ್ನು ಕಳೆಯಿರಿ: ಉಳಿದದ್ದು ಪಾಚಿಯ ಪಾಲು. ಆಮೇಲೆ ತಳದಲ್ಲಿ ಸ್ವಲ್ಪ ನೀರಿರುವ ಕಪ್ಪಿನೊಳಗೆ, ನೀರಿಗೆ ತಾಗದಂತೆ, ಸೆನ್ಸರನ್ನು 15 ನಿಮಿಷ ಇಡಿ. ಆಮ್ಲಜನಕದ ಪರ್ಯಾಪ್ತತೆ (ಹಿಡಿಯಬಹುದಾದಷ್ಟರಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಶೇ 100ರ ಹತ್ತಿರ ತೋರಿಸದಿದ್ದರೆ ಕ್ಯಾಲಿಬ್ರೇಶನ್ನೇ ಜಾರಿದೆ. ಈ ಎರಡು ತಪ್ಪನ್ನು ಬೇರೆಬೇರೆ ಬರೆದಿಡಿ, ಒಟ್ಟು ಸೇರಿಸಬೇಡಿ.

ಆಪ್ಟಿಕಲ್ (ಬೆಳಕಿನಿಂದ ಅಳೆಯುವ) ಸೆನ್ಸರಿನ ಮುಖಕ್ಕೆ ಸ್ಪಿರಿಟ್, ಅಸಿಟೋನ್ ಮುಟ್ಟಿಸಬಾರದು. ಬಾರ್ನಕಲ್ (ಕಲ್ಲು, ದೋಣಿಗೆ ಅಂಟುವ ಗಟ್ಟಿ ಚಿಪ್ಪಿನ ಜೀವಿ) ಅಂಟಿದ್ದರೆ ಚಾಕುವಿನಿಂದ ಕೆರೆಯುವುದು ಇನ್ನೂ ಕೆಟ್ಟದ್ದು, ಲೇಪನವೇ ಕಿತ್ತು ಬರುತ್ತದೆ.

ಉಪ್ಪಿನಂಶದ ಸೆಟ್ಟಿಂಗನ್ನೂ ನೋಡಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು ಸುಮಾರು 6.2 ಮಾತ್ರ. ಮಳೆಗಾಲದಲ್ಲಿ ಸೊನ್ನೆಗಿಟ್ಟ ಸೆಟ್ಟಿಂಗ್ ಏಪ್ರಿಲ್‌ನಲ್ಲೂ ಹಾಗೇ ಉಳಿದರೆ ಆಮ್ಲಜನಕ ಶೇ 20ರಷ್ಟು ಹೆಚ್ಚು ಕಾಣುತ್ತದೆ. ಅದೇ ಹೊತ್ತಿನ ವಾಹಕತೆಯಿಂದ (ನೀರು ವಿದ್ಯುತ್ ಹರಿಸುವ ಗುಣ, ಉಪ್ಪಿನಂಶ ಲೆಕ್ಕ ಹಾಕುವುದು ಇದರಿಂದಲೇ) ಸರಿಪಡಿಸಿ. ವಾಹಕತೆಯ ಸೆಲ್‌ನ ತೂತಿನಲ್ಲೂ ಕೆಸರು ಕಟ್ಟುತ್ತದೆ, ಆಗ ಉಪ್ಪು ಕಡಿಮೆ ತೋರಿಸಿ ಆಮ್ಲಜನಕವನ್ನು ಮತ್ತೆ ಹೆಚ್ಚಿಸುತ್ತದೆ. ಸಣ್ಣ ಬ್ರಷ್ ಜೊತೆಗಿರಲಿ.

ಬೇಸಿಗೆಯಲ್ಲಿ 10 ದಿನಕ್ಕೊಮ್ಮೆ ಒರೆಸಿ. ಸುತ್ತ ತಾಮ್ರದ ಜಾಲರಿ ಕಟ್ಟಿದರೆ ಪಾಚಿ ತಡವಾಗಿ ಹತ್ತುತ್ತದೆ, ಆದರೆ ಕವಚ ಅಲ್ಯುಮಿನಿಯಮ್ಮಿನದಾಗಿದ್ದರೆ ತಾಮ್ರ ಅದಕ್ಕೆ ತಾಗಬಾರದು. ತಾಗಿದರೆ ಉಪ್ಪುನೀರಿನಲ್ಲಿ ಕವಚವೇ ತಿಂದುಹೋಗುತ್ತದೆ.